ಗ್ರೂಪು ಕಿರ್ದಿಯಲ್ಲ

ಹುಬ್ಬಳ್ಳಿ ಕಡೆಯ ಒಂದು ರೊಟ್ಟಿ ಕೇಂದ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ರೊಟ್ಟಿ ಬಡಿಯುವವರು ಐದು ಜನ, ಹಿಂಡಿ (ಚಟ್ನಿಪುಡಿ) ಕುಟ್ಟಿ ಪ್ಯಾಕು ಮಾಡುವವರು ಒಬ್ಬರು, ಸ್ಕೂಟರಿನಲ್ಲಿ ಮನೆಮನೆಗೆ ಮುಟ್ಟಿಸುವ ಹುಡುಗ ಒಬ್ಬ, ಗಲ್ಲಾ ನೋಡಿಕೊಳ್ಳುವ ಅಕ್ಕ ಒಬ್ಬರು. ಎಂಟು ಜನ, ಒಂದು ವಾಟ್ಸ್ಆ್ಯಪ್ ಗ್ರೂಪು. ಶುಕ್ರವಾರ ಸಂಜೆ ಅದರಲ್ಲಿ ಹೀಗೆ ಮಾತು ನಡೆಯುತ್ತದೆ:

"ನಾಳೆ ವಿದ್ಯಾನಗರಕ್ಕ 50 ಖಡಕ್ ರೊಟ್ಟಿ, ಅರ್ಧ ಕೆಜಿ ಶೇಂಗಾ ಹಿಂಡಿ."

"ಆತ್ರಿ ಅಕ್ಕಾರ."

"ಗೋಕುಲ ರೋಡಿನ ಆರ್ಡರಿಗೆ ರೊಕ್ಕ ಬಂತೇನ್ರಿ?"

"50 ಅಲ್ಲ, 70 ಮಾಡ್ರಿ."

ಅದರ ಕೆಳಗೆ ಒಂದು ಹೆಬ್ಬೆರಳಿನ ಚಿತ್ರ. ಆಮೇಲೆ, "ಜ್ವಾಳದ ಹಿಟ್ಟು ಮುಗೀಲಿಕ್ಕೆ ಬಂದೈತಿ."

ಈ 70 ಯಾವ ಆರ್ಡರಿನದು? ಬರೆದವರ ತಲೆಯಲ್ಲಿ ವಿದ್ಯಾನಗರ ಇತ್ತು, ಓದಿದವರ ಕಣ್ಣಿಗೆ ಮೇಲಿನ ಸಾಲಿನ ಗೋಕುಲ ರೋಡು ಬಿತ್ತು. ಹೆಬ್ಬೆರಳು ಒತ್ತಿದವರು ಹೇಳಿದ್ದು "ನೋಡಿದೆ" ಎಂದೋ, "ಮಾಡುತ್ತೇನೆ" ಎಂದೋ, "ರೊಕ್ಕ ಬಂದಿದೆ" ಎಂದೋ, ಅವರನ್ನೇ ಕೇಳಬೇಕು. ಮರುದಿನ ವಿದ್ಯಾನಗರಕ್ಕೆ 20 ರೊಟ್ಟಿ ಕಡಿಮೆ ಹೋಗುತ್ತದೆ, ಗೋಕುಲ ರೋಡಿನಿಂದ ಹೆಚ್ಚಿನವು ವಾಪಸು ಬರುತ್ತವೆ. ಎಂಟು ಜನರಲ್ಲಿ ಒಬ್ಬರೂ ಅಸಡ್ಡೆ ಮಾಡಿಲ್ಲ. ಮಾತನಾಡುವ ಜಾಗದಲ್ಲಿ ಲೆಕ್ಕ ಇಟ್ಟದ್ದೇ ತಪ್ಪಾಯಿತು.

ಹಳೆಯ ಕಿರಾಣಿ ಅಂಗಡಿಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ಜಾಗವಿತ್ತು. ಮಾತು ಗಲ್ಲಾದ ಮುಂದೆ, ಲೆಕ್ಕ ಕಿರ್ದಿಯಲ್ಲಿ. ನಡೆದ ವ್ಯವಹಾರವನ್ನು ನಡೆದ ಕ್ರಮದಲ್ಲೇ ದಿನದಿನಕ್ಕೆ ಬರೆದಿಡುವ ಪುಸ್ತಕ ಕಿರ್ದಿ. ಅದರಿಂದ ಒಬ್ಬೊಬ್ಬರ ಹೆಸರಿಗೆ ಎತ್ತಿ ಬರೆದದ್ದು ಖತಾವಣಿ. ಚೌಕಾಸಿ, ಹರಟೆ, ಜಗಳ ಯಾವುದೂ ಕಿರ್ದಿಗೆ ಇಳಿಯುತ್ತಿರಲಿಲ್ಲ, ಇಳಿಯುತ್ತಿದ್ದದ್ದು ಕೊನೆಗೆ ಒಪ್ಪಿಕೊಂಡ ಒಂದು ಸಾಲು. ಈಗಿನ ವೆಬ್ ಸಾಧನಗಳನ್ನೂ ಹೀಗೆಯೇ ಎರಡು ಗುಂಪು ಮಾಡಿ ನೋಡಿದರೆ ಅರ್ಧ ಗೊಂದಲ ಹೋಗುತ್ತದೆ. ವಾಟ್ಸ್ಆ್ಯಪ್, ಟೆಲಿಗ್ರಾಂ, ಸ್ಲ್ಯಾಕ್, ಇಮೇಲ್ ಎಲ್ಲ ಮಾತಿನ ಕಡೆ. ಹಂಚಿಕೊಂಡ ಶೀಟು, ಹಂಚಿಕೊಂಡ ಡಾಕ್ಯುಮೆಂಟು, ಎಲ್ಲರೂ ತಿದ್ದಬಹುದಾದ ಪುಟಗಳ ವಿಕಿ ಎಲ್ಲ ಕಿರ್ದಿಯ ಕಡೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿದ್ದ ಆಂಡ್ರ್ಯೂ ಮ್ಯಾಕಫಿ 2006ರಲ್ಲಿ ಕಂಪನಿಗಳೊಳಗಿನ ಇಂಥ ಸಾಧನಗಳ ಬಗ್ಗೆ ಬರೆದಾಗ ಹೆಚ್ಚುಕಡಿಮೆ ಇದೇ ಗೆರೆ ಎಳೆದಿದ್ದರು: ಇಮೇಲಿನಂಥವು ಕಾಲುವೆ, ಅಲ್ಲಿ ಹರಿದದ್ದು ಕಳಿಸಿದವರಿಗೆ ಮತ್ತು ಪಡೆದವರಿಗೆ ಮಾತ್ರ ಕಾಣುತ್ತದೆ, ವಿಕಿಯಂಥವು ಕಟ್ಟೆ, ಬರೆದದ್ದು ಎಲ್ಲರ ಕಣ್ಣಿಗೂ ಬಿದ್ದು ಉಳಿದಿರುತ್ತದೆ. ಕಾಲುವೆ, ಕಟ್ಟೆ ಎನ್ನುವುದು ನಮ್ಮ ಅನುವಾದ, ಆದರೆ ವಿಂಗಡಣೆ ಅವರದು.

ಕಾಲುವೆಯ ಸ್ವಭಾವವನ್ನು ಮೊದಲು ನೋಡಿಬಿಡೋಣ. ವಾಟ್ಸ್ಆ್ಯಪಿನಲ್ಲಿ ಒಂದು ಬೂದು ಗುರುತು ಬಂದರೆ ಸಂದೇಶ ನಿಮ್ಮ ಫೋನಿನಿಂದ ಹೊರಟಿದೆ. ಎರಡು ಬೂದು ಎಂದರೆ ಅವರ ಫೋನಿಗೆ ಮುಟ್ಟಿದೆ. ಎರಡು ನೀಲಿ ಎಂದರೆ ತೆರೆದಿದ್ದಾರೆ. ಗ್ರೂಪಿನಲ್ಲಿ ನೀಲಿ ಆಗಬೇಕಾದರೆ ಪ್ರತಿಯೊಬ್ಬರೂ ತೆರೆದಿರಬೇಕು. ಒಬ್ಬರು ಫೋನು ಚಾರ್ಜಿಗಿಟ್ಟು ಮಲಗಿದ್ದರೆ ಬೂದಾಗಿಯೇ ಉಳಿಯುತ್ತದೆ. ಸಂದೇಶವನ್ನು ಒತ್ತಿ ಹಿಡಿದು "ಮಾಹಿತಿ" ನೋಡಿದರೆ ಯಾರು ಓದಿದ್ದಾರೆ, ಯಾರಿಗೆ ಮುಟ್ಟಿದೆ ಎಂಬ ಪಟ್ಟಿ ಸಿಗುತ್ತದೆ. ಆದರೆ ಓದುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ, ಮಾಡಿ ಮುಗಿಸುವುದು ಬೇರೆ, ಈ ಮೂರಕ್ಕೂ ಒಂದೇ ನೀಲಿ ಗುರುತು. ಕಳಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಬಹುದು. ತಿದ್ದಿದೆ ಎಂಬ ಸಣ್ಣ ಗುರುತು ಬೀಳುತ್ತದೆ, ಹಿಂದೆ ಏನಿತ್ತು ಎಂಬುದು ಓದುವವರಿಗೆ ಕಾಣುವುದಿಲ್ಲ. 50 ಹೋಗಿ 70 ಆದದ್ದು ಹಿಟ್ಟು ಕಲಸಲು ಕೂತವರಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಗ್ರೂಪಿನಲ್ಲಿ ಅಂಕಿ ತಿದ್ದಬೇಡಿ. ಹಳೆಯ ಸಂದೇಶಕ್ಕೇ ಉತ್ತರವಾಗಿ, ಅಂದರೆ ಅದನ್ನು ಬಲಕ್ಕೆ ಎಳೆದು, ಹೊಸ ಸಾಲು ಬರೆಯಿರಿ. ಮೇಲಿನ ಗಲಿಬಿಲಿ ಇಷ್ಟರಿಂದಲೇ ತಪ್ಪುತ್ತಿತ್ತು.

ಆದರೂ ಅದು ಆ ಹೊತ್ತಿನ ಮದ್ದು. ಮೂರು ವಾರ ಬಿಟ್ಟು "ಕಳೆದ ತಿಂಗಳು ವಿದ್ಯಾನಗರದವರು ಒಟ್ಟು ಎಷ್ಟು ತಗೊಂಡರು?" ಎಂದು ಕೇಳಿದರೆ ಗ್ರೂಪು ಉತ್ತರ ಕೊಡಲಾರದು. ಹಾಗಾಗಿ ಕಿರ್ದಿಯ ಕಡೆ ಹೋಗೋಣ.

ಗೂಗಲ್ ಶೀಟಿನಲ್ಲಿ ಒಂದು ಆರ್ಡರ್ ಕಿರ್ದಿ ಮಾಡುವುದು ಅರ್ಧ ಗಂಟೆಯ ಕೆಲಸ. ಕಾಲಂಗಳು ಇಷ್ಟು ಸಾಕು: ಆರ್ಡರ್ ನಂಬರು, ಬರೆದ ತಾರೀಖು, ಗಿರಾಕಿಯ ಹೆಸರು, ಫೋನು, ಮಾಲು, ಎಷ್ಟು, ಯಾವತ್ತಿಗೆ ಬೇಕು, ಹಣ ಬಂತೋ ಬಾಕಿಯೋ, ಯುಪಿಐ ನಂಬರು, ಯಾರ ಕೈಯಲ್ಲಿದೆ, ಎಲ್ಲಿಗೆ ಬಂತು. ಹನ್ನೊಂದು ಕಾಲಂ. ಇಪ್ಪತ್ತೈದು ಕಾಲಂ ಮಾಡುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಎರಡನೇ ವಾರಕ್ಕೆ ಅರ್ಧ ಕಾಲಂ ಖಾಲಿ ಬಿದ್ದಿರುತ್ತವೆ, ಆಮೇಲೆ ತುಂಬಿದ ಕಾಲಂಗಳ ಮೇಲೂ ನಂಬಿಕೆ ಹೋಗುತ್ತದೆ.

ಒಂದು ಸಾಲಿಗೆ ಒಂದೇ ಮಾಲು. "50 ರೊಟ್ಟಿ + ಅರ್ಧ ಕೆಜಿ ಹಿಂಡಿ" ಎಂದು ಒಂದೇ ಚೌಕದಲ್ಲಿ ಬರೆದರೆ ಮನುಷ್ಯರು ಓದುತ್ತಾರೆ, ಶೀಟು ಕೂಡಿಸಲಾರದು. ಎರಡು ಸಾಲು ಮಾಡಿ, ಎರಡಕ್ಕೂ ಒಂದೇ ಆರ್ಡರ್ ನಂಬರು ಕೊಡಿ. "ಎಷ್ಟು" ಕಾಲಮಿನಲ್ಲಿ ಬರಿಯ ಅಂಕಿ ಇರಲಿ. "50 ಪೀಸು" ಎಂದು ಬರೆದ ಕೂಡಲೇ ಶೀಟಿನ ಲೆಕ್ಕದಲ್ಲಿ ಅದು ಅಂಕಿಯಾಗಿ ಉಳಿಯುವುದಿಲ್ಲ, ಮೊತ್ತದಿಂದ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಪೀಸೋ ಕೆಜಿಯೋ ಎಂಬುದು ಮಾಲಿನ ಹೆಸರಿನಲ್ಲೇ ಬರಲಿ.

ಮಾಲು, ಹಣ, ಎಲ್ಲಿಗೆ ಬಂತು, ಈ ಮೂರು ಕಾಲಂಗಳಲ್ಲಿ ಯಾರೂ ಕೈಯಾರೆ ಟೈಪು ಮಾಡಬಾರದು. ಡೇಟಾ ಮೆನುವಿನ "ಡೇಟಾ ವ್ಯಾಲಿಡೇಶನ್" ಬಳಸಿ ಡ್ರಾಪ್‌ಡೌನ್ ಪಟ್ಟಿ ಕೊಡಿ. ಕನ್ನಡದಲ್ಲಿ ಬರೆಯುವವರಿಗೆ ಇದು ಇನ್ನೂ ಹೆಚ್ಚು ಬೇಕು. "ಹುಬ್ಬಳ್ಳಿ", "ಹುಬ್ಳಿ" ಎರಡು ಬೇರೆ ಊರಾಗಿಬಿಡುವುದು ಗೊತ್ತಿದ್ದದ್ದೇ. ಗೊತ್ತಾಗದೆ ಕಾಡುವುದು ಕಣ್ಣಿಗೆ ಕಾಣದ ಅಕ್ಷರ. ಕನ್ನಡ ಯೂನಿಕೋಡಿನಲ್ಲಿ, ಅಂದರೆ ಎಲ್ಲ ಸಾಧನಗಳೂ ಒಪ್ಪಿಕೊಂಡ ಅಕ್ಷರ ಸಂಕೇತದಲ್ಲಿ, ಅರ್ಧಾಕ್ಷರವನ್ನು ಮುಂದಿನ ಅಕ್ಷರಕ್ಕೆ ಒತ್ತಾಗಿ ಸೇರದಂತೆ ತಡೆಯಲು ಶೂನ್ಯ ಅಗಲದ ಒಂದು ಗುರುತಿದೆ. ಒಂದು ಕೀಬೋರ್ಡು "ಖಡಕ್" ಎಂಬ ಪದದ ಕೊನೆಗೆ ಆ ಗುರುತು ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ನೋಡಲು ಎರಡೂ ಒಂದೇ. ಶೀಟಿಗೆ ಎರಡೂ ಬೇರೆ ಪದ. ಮೊತ್ತ ತಪ್ಪಿದಾಗ ಎಷ್ಟು ದಿಟ್ಟಿಸಿದರೂ ಕಾರಣ ಹೊಳೆಯುವುದಿಲ್ಲ. ಪಟ್ಟಿಯಿಂದ ಆರಿಸಿದರೆ ಈ ಕಾಟವೇ ಇಲ್ಲ.

ಕನ್ನಡಕ್ಕೇ ಅಂಟಿದ ಇನ್ನೊಂದು ತೊಂದರೆ ಹಳೆಯ ಫಾಂಟುಗಳದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪು ಮಾಡಿಟ್ಟ ದರಪಟ್ಟಿ, ಗಿರಾಕಿಗಳ ಪಟ್ಟಿ ಎಷ್ಟೋ ಕಂಪ್ಯೂಟರುಗಳಲ್ಲಿ ಇನ್ನೂ ಇವೆ. ಅವುಗಳಲ್ಲಿ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಶೀಟಿಗೆ ಅಂಟಿಸಿದ ತಕ್ಷಣ ವೇಷ ಕಳಚಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅಂಟಿಸುವ ಮೊದಲು ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ ತೆಗೆಯಬೇಕು, ಆಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಾಡಿಸಿ ಸರಿಪಡಿಸಬೇಕು. ಅಂಕಿಗಳನ್ನು ವಿಶೇಷವಾಗಿ ನೋಡಿ. ಫೋನಿನಲ್ಲಿ ಬರೆದದ್ದು ಹೇಗೂ ಯೂನಿಕೋಡೇ, ಅಲ್ಲಿ ಚಿಂತೆಯಿಲ್ಲ.

ತಾರೀಖು ಇನ್ನೊಂದು ಹೊಂಡ. ಶೀಟಿನ ಸೆಟ್ಟಿಂಗ್ಸಿನಲ್ಲಿ ದೇಶ ಅಮೆರಿಕ ಎಂದಿದ್ದರೆ 3/4 ಎಂದು ಬರೆದದ್ದು ಮಾರ್ಚ್ 4 ಆಗುತ್ತದೆ. ನಮಗದು ಏಪ್ರಿಲ್ 3. ಇನ್ನೂ ವಿಚಿತ್ರವೆಂದರೆ 25/4 ಬರೆದಾಗ 25ನೇ ತಿಂಗಳು ಇಲ್ಲದ ಕಾರಣ ಶೀಟು ಅದನ್ನು ತಾರೀಖೆಂದೇ ಒಪ್ಪುವುದಿಲ್ಲ. ಆಗ ತಿಂಗಳ ಮೊದಲ 12 ದಿನದ ಆರ್ಡರುಗಳು ಒಂದು ಕಡೆ, ಉಳಿದವು ಇನ್ನೊಂದು ಕಡೆ ಚೆಲ್ಲಾಪಿಲ್ಲಿಯಾಗುತ್ತವೆ. ಫೈಲ್ ಮೆನುವಿನ ಸೆಟ್ಟಿಂಗ್ಸಿಗೆ ಹೋಗಿ ಮೊದಲ ದಿನವೇ ಭಾರತ ಎಂದು ಆರಿಸಿಬಿಡಿ. ಯುಪಿಐ ವ್ಯವಹಾರದ ನಂಬರು 12 ಅಂಕಿಯದು. ಅದೇ ಪಟ್ಟಿಯನ್ನು ಎಕ್ಸೆಲಿನಲ್ಲಿ ತೆರೆದರೆ ಅಷ್ಟು ಉದ್ದದ ಅಂಕಿಯನ್ನು ಅದು ದಶಮಾಂಶ ಹಾಕಿ ಕುಗ್ಗಿಸಿ ತೋರಿಸುತ್ತದೆ. ಆ ಕಾಲಮನ್ನು "ಪ್ಲೇನ್ ಟೆಕ್ಸ್ಟ್" ಮಾಡಿಡುವುದು ಒಳ್ಳೆಯದು, ಫೋನಿನ ಕಾಲಮನ್ನೂ. ಈ 12 ಅಂಕಿ ಬರೆದುಕೊಳ್ಳುವುದಕ್ಕೆ ಬೇರೆ ಕಾರಣವೂ ಇದೆ. ಹಣ ಕಳಿಸಿದ ಸ್ಕ್ರೀನ್‌ಶಾಟನ್ನು ಯಾರು ಬೇಕಾದರೂ ಸೃಷ್ಟಿಸಬಹುದು. "ಹಣ ಬಂತು" ಎಂದು ಆರಿಸುವವರು ಗಿರಾಕಿ ಕಳಿಸಿದ ಚಿತ್ರ ನೋಡಿ ಆರಿಸಬಾರದು, ಅಂಗಡಿಯ ಬ್ಯಾಂಕ್ ಖಾತೆಯಲ್ಲಿ ಆ ನಂಬರು ನೋಡಿ ಆರಿಸಬೇಕು.

ಇನ್ನು ಮುಖ್ಯ ಪ್ರಶ್ನೆ. ಎಂಟು ಜನ ಏಕಕಾಲಕ್ಕೆ ಒಂದೇ ಪುಸ್ತಕದಲ್ಲಿ ಬರೆದರೆ ಒಬ್ಬರ ಮೇಲೊಬ್ಬರು ಗೀಚಿದಂತೆ ಆಗುವುದಿಲ್ಲವೇ? ಮೊದಲು ಆಗುತ್ತಿತ್ತು. ಇಮೇಲಿನಲ್ಲಿ ಫೈಲು ಕಳಿಸಿ, ಅವರು ತಿದ್ದಿ ವಾಪಸು ಕಳಿಸಿ, ಅಷ್ಟರಲ್ಲಿ ಇನ್ನೊಬ್ಬರು ಹಳೆಯ ಪ್ರತಿಯನ್ನೇ ತಿದ್ದಿ, ಕೊನೆಗೆ "ಫೈನಲ್", "ಫೈನಲ್ 2", "ಇದೇ ಫೈನಲ್" ಎಂಬ ಮೂರು ಫೈಲು ಎಲ್ಲರಿಗೂ ನೆನಪಿರಬಹುದು. ಸಣ್ಣ ತಂಡವೊಂದು ಮಾಡಿದ, ಬ್ರೌಸರಿನಲ್ಲೇ ಬರೆಯುವ ರೈಟ್ಲಿ ಎಂಬ ಸಾಧನವನ್ನು ಗೂಗಲ್ 2006ರಲ್ಲಿ ಕೊಂಡಿತು. ಗೂಗಲ್ ಡಾಕ್ಸ್ ಬೆಳೆದದ್ದು ಅಲ್ಲಿಂದ. ಪ್ರತಿಗಳು ಅಡ್ಡಾಡುವುದು ನಿಂತು, ಪ್ರತಿ ಒಂದೇ ಕಡೆ ಉಳಿದು ಜನ ಅದರ ಬಳಿ ಬರುವಂತಾಯಿತು.

ಒಳಗೆ ನಡೆಯುವುದು ಇದು. ಒಂದು ಸಾಲು ಇದೆಯೆನ್ನಿ: "ನಾಳೆ 20 ರೊಟ್ಟಿ ಕಳಿಸಿ." ನಾಲ್ಕು ಪದ. ಒಬ್ಬರು ಎರಡನೇ ಪದದ ನಂತರ "ಖಡಕ್" ಸೇರಿಸುತ್ತಾರೆ. ಅದೇ ಕ್ಷಣ ಇನ್ನೊಬ್ಬರು ನಾಲ್ಕನೇ ಪದವನ್ನು "ಕಳಿಸಬೇಡಿ" ಎಂದು ಬದಲಿಸುತ್ತಾರೆ. ಸರ್ವರು, ಅಂದರೆ ಫೈಲು ಕೂತಿರುವ ಗೂಗಲಿನ ಕಂಪ್ಯೂಟರು, ಎರಡೂ ಆಜ್ಞೆಯನ್ನು ಬಂದಂತೆಯೇ ನಡೆಸಿದರೆ ಏನಾಗುತ್ತದೆ? "ಖಡಕ್" ಸೇರಿದ ಮೇಲೆ ನಾಲ್ಕನೇ ಪದ "ರೊಟ್ಟಿ" ಆಗಿರುತ್ತದೆ. ಅದನ್ನು ಬದಲಿಸಿದರೆ ಉಳಿಯುವುದು "ನಾಳೆ 20 ಖಡಕ್ ಕಳಿಸಬೇಡಿ ಕಳಿಸಿ." ರೊಟ್ಟಿಯೂ ಹೋಯಿತು, ಅರ್ಥವೂ ಹೋಯಿತು. ಆದ್ದರಿಂದ ಸರ್ವರು ಎರಡನೇ ಆಜ್ಞೆಯನ್ನು ನಡೆಸುವ ಮುನ್ನ ತಿದ್ದಿಕೊಳ್ಳುತ್ತದೆ: ಇವರು ಬರೆಯುವಾಗ ಮೊದಲನೆಯವರ ಪದ ಇನ್ನೂ ಇವರ ಪರದೆಗೆ ಬಂದಿರಲಿಲ್ಲ, ಅದು ಇವರ ಪದಕ್ಕಿಂತ ಮೊದಲಿನ ಜಾಗದಲ್ಲಿ ಸೇರಿದೆ, ಹಾಗಾಗಿ ನಾಲ್ಕು ಅಂದದ್ದನ್ನು ಐದು ಎಂದು ತಿಳಿಯಬೇಕು. ಫಲಿತಾಂಶ "ನಾಳೆ 20 ಖಡಕ್ ರೊಟ್ಟಿ ಕಳಿಸಬೇಡಿ." ಇಬ್ಬರ ಬದಲಾವಣೆಯೂ ಉಳಿಯಿತು. ನಿಜದಲ್ಲಿ ಪದದ ಬದಲು ಒಂದೊಂದು ಅಕ್ಷರದ ಸ್ಥಾನಕ್ಕೂ ಈ ಲೆಕ್ಕ ನಡೆಯುತ್ತದೆ. ಆಪರೇಶನಲ್ ಟ್ರಾನ್ಸ್‌ಫರ್ಮೇಶನ್ ಎಂಬ ಈ ವಿಧಾನವನ್ನು ಎಲ್ಲಿಸ್ ಮತ್ತು ಗಿಬ್ಸ್ ಎಂಬ ಸಂಶೋಧಕರು 1989ರಲ್ಲೇ ಮಂಡಿಸಿದ್ದರು. ಜನಸಾಮಾನ್ಯರ ಕೈಗೆ ಬರಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಇಲ್ಲಿ ಎಚ್ಚರಿಕೆಯೊಂದಿದೆ. ಈ ಜಾಣತನ ಪಠ್ಯಕ್ಕೆ ಸಲ್ಲುತ್ತದೆ, ಶೀಟಿನ ಒಂದು ಚೌಕಕ್ಕೆ ಸಲ್ಲುವುದಿಲ್ಲ. ಒಂದೇ ಚೌಕದಲ್ಲಿ ಇಬ್ಬರು ಬರೆದರೆ ಕೊನೆಗೆ ಬರೆದವರದ್ದೇ ಉಳಿಯುತ್ತದೆ. "ಉಳಿದ ರೊಟ್ಟಿ: 40" ಎಂಬ ಚೌಕ ಇದೆಯೆನ್ನಿ. ಗಲ್ಲಾದವರು 10 ಮಾರಿದರು, ಮನಸ್ಸಿನಲ್ಲೇ ಕಳೆದು 30 ಎಂದು ಬರೆಯಲು ಹೊರಟರು. ಅದೇ ಹೊತ್ತಿಗೆ ಸ್ಕೂಟರಿನ ಹುಡುಗ 5 ಒಯ್ದ, ಅವನ ಫೋನಿನಲ್ಲೂ 40 ಇತ್ತು, 35 ಎಂದು ಬರೆದ. ಅವನದು ಆಮೇಲೆ ಮುಟ್ಟಿದರೆ ಶೀಟಿನಲ್ಲಿ 35, ಡಬ್ಬಿಯಲ್ಲಿ 25. ಶೀಟು ಕೆಟ್ಟಿತು ಎಂದು ಎಲ್ಲರೂ ಬೈಯುತ್ತಾರೆ, ಕೆಟ್ಟದ್ದು ಬರೆಯುವ ಪದ್ಧತಿ.

ಕಿರ್ದಿ ಬರೆಯುತ್ತಿದ್ದವರಿಗೆ ಇದು ಗೊತ್ತಿತ್ತು. ಅವರು ಬಾಕಿಯನ್ನು ಅಳಿಸಿ ಮತ್ತೆ ಬರೆಯುತ್ತಿರಲಿಲ್ಲ. ಬಂದದ್ದು ಒಂದು ಸಾಲು, ಹೋದದ್ದು ಒಂದು ಸಾಲು, ಶಿಲ್ಕು ಕೊನೆಗೆ ಕೂಡಿ ಕಳೆದು ಬರುತ್ತಿತ್ತು. ಶೀಟಿನಲ್ಲೂ ಹಾಗೇ ಮಾಡಿ. ಬೆಳಿಗ್ಗೆ ಬಡಿದದ್ದು +200, ಗಲ್ಲಾದಲ್ಲಿ ಮಾರಿದ್ದು −10, ಹುಡುಗ ಒಯ್ದದ್ದು −5, ಮುರಿದದ್ದು −3, ಒಂದೊಂದೂ ಹೊಸ ಸಾಲು. ಇಬ್ಬರು ಒಂದೇ ಹೊತ್ತಿನಲ್ಲಿ ಎರಡು ಬೇರೆ ಸಾಲು ಬರೆದರೆ ಡಿಕ್ಕಿಯೇ ಇಲ್ಲ. ಉಳಿಕೆಯನ್ನು ಬೇರೆ ಹಾಳೆಯಲ್ಲಿ ಸಮ್‌ಇಫ್ ಸೂತ್ರ (ಒಂದೊಂದು ಮಾಲಿನ ಸಾಲುಗಳನ್ನಷ್ಟೇ ಆರಿಸಿ ಕೂಡಿಸುವುದು) ತಾನೇ ತೋರಿಸಲಿ, ಆ ಹಾಳೆಗೆ ಯಾರೂ ಕೈ ಹಾಕದಂತೆ ಡೇಟಾ ಮೆನುವಿನಿಂದ ಬೀಗ ಹಾಕಿ. ತಪ್ಪು ಬರೆದರೆ ಅಳಿಸುವ ಬದಲು ಉಲ್ಟಾ ಅಂಕಿಯ ಒಂದು ಸಾಲು ಸೇರಿಸಿ. ಯಾವತ್ತು ತಪ್ಪಾಯಿತು, ಯಾವತ್ತು ಸರಿಹೋಯಿತು ಎರಡೂ ಉಳಿಯುತ್ತವೆ.

ರೊಟ್ಟಿ ಬಡಿಯುವ ಕೈಯಲ್ಲಿ ಸಣ್ಣ ಪರದೆಯ ಮೇಲೆ ಚೌಕ ಹುಡುಕಿ ಬರೆಯಲು ಆಗದು ಎಂಬುದು ನಿಜವಾದ ಆಕ್ಷೇಪ. ಅಂಥವರಿಗೆ ಗೂಗಲ್ ಫಾರಂ ಮಾಡಿಕೊಡಿ: ಮೂರು ಪ್ರಶ್ನೆ, ಎರಡು ಒತ್ತು, ಕಳಿಸು. ಪ್ರತಿ ಉತ್ತರವೂ ಶೀಟಿನಲ್ಲಿ ಹೊಸ ಸಾಲಾಗಿ, ಗಂಟೆ ನಿಮಿಷದ ಸಮೇತ ಬೀಳುತ್ತದೆ. ಆದರೆ ಫಾರಂ ಉತ್ತರ ಬೀಳುವ ಹಾಳೆಯಲ್ಲಿ ಪಕ್ಕದ ಕಾಲಮಿಗೆ ಸೂತ್ರ ಎಳೆದಿಡಬೇಡಿ. ಹೊಸ ಸಾಲು ಸೂತ್ರವಿಲ್ಲದೆ ಬರುತ್ತದೆ. ಲೆಕ್ಕವನ್ನೆಲ್ಲ ಬೇರೆ ಹಾಳೆಯಲ್ಲಿ ಮಾಡಿ.

"ಶೀಟಿನಿಂದ ಆರ್ಡರುಗಳು ಮಾಯವಾದವು" ಎಂಬ ದೂರು ಬಂದರೆ ಮೊದಲು ಫಿಲ್ಟರ್ ನೋಡಿ. ಒಬ್ಬರು ತಮಗೆ ಬೇಕಾದ "ಬಾಕಿ" ಸಾಲುಗಳನ್ನಷ್ಟೇ ನೋಡಲು ಫಿಲ್ಟರ್ ಹಾಕಿದರೆ ಉಳಿದ ಏಳು ಜನರ ಪರದೆಯಿಂದಲೂ ಮಿಕ್ಕ ಸಾಲುಗಳು ಮರೆಯಾಗುತ್ತವೆ. ತಮ್ಮೊಬ್ಬರಿಗೇ ಬೇಕಾದರೆ "ಫಿಲ್ಟರ್ ವ್ಯೂ" ಇದೆ. ಸಾಲು ಅಳಿಸಿಯೇ ಹೋಗಿದ್ದರೆ ಫೈಲ್ ಮೆನುವಿನ "ವರ್ಶನ್ ಹಿಸ್ಟರಿ"ಗೆ ಹೋಗಿ ನಿನ್ನೆಯ ರೂಪ ತೆರೆಯಬಹುದು. ಯಾರು ಬದಲಿಸಿದರು ಎಂಬುದು ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತದೆ. ಕಂಪ್ಯೂಟರಿನಲ್ಲಿ ಒಂದು ಚೌಕದ ಮೇಲೆ ಬಲಗುಂಡಿ ಒತ್ತಿ "ಎಡಿಟ್ ಹಿಸ್ಟರಿ" ನೋಡಿದರೆ ಆ ಒಂದೇ ಚೌಕದ ಚರಿತ್ರೆ ಸಿಗುತ್ತದೆ. ಎಲ್ಲರೂ ಒಂದೇ ಖಾತೆಯಿಂದ ಒಳಬಂದರೆ ಮಾತ್ರ ಈ ಚರಿತ್ರೆಯಿಂದ ಉಪಯೋಗವಿಲ್ಲ, ಎಲ್ಲಕ್ಕೂ ಒಂದೇ ಹೆಸರು ಬೀಳುತ್ತದೆ. ಪಾಸ್‌ವರ್ಡ್ ಹಂಚಿಕೊಂಡರೆ ಸಸಾರ ಎನ್ನುವವರು ಇದನ್ನು ಯೋಚಿಸಿರುವುದಿಲ್ಲ.

ಈಗ ಶೀಟು ಮತ್ತು ಗ್ರೂಪು ಒಂದಕ್ಕೊಂದು ಹೇಗೆ ಹೊಂದಬೇಕು? ಸೇತುವೆ ಆರ್ಡರ್ ನಂಬರು. ಗ್ರೂಪಿನಲ್ಲಿ ಮಾತು ಎಂದಿನಂತೆ ನಡೆಯಲಿ, ಆದರೆ "412ಕ್ಕೆ 50 ಅಲ್ಲ 70, ಶೀಟಿನಲ್ಲಿ ಬರೆದೀನಿ" ಎಂದು ನಡೆಯಲಿ. ಒಂದೇ ಕಟ್ಟಳೆ: ಶೀಟಿನಲ್ಲಿ ಇಲ್ಲದ ಆರ್ಡರು ಆರ್ಡರಲ್ಲ. ಗಲ್ಲಾದ ಅಕ್ಕನೇ ಅವಸರದಲ್ಲಿ "ಇದೊಂದ್ಸಲ ಹಂಗ ಮಾಡ್ರಿ" ಎಂದು ಗ್ರೂಪಿನಲ್ಲಷ್ಟೇ ಹಾಕಿದರೆ ಆ ವಾರವೇ ಎಲ್ಲರೂ ಹಾಗೆ ಮಾಡತೊಡಗುತ್ತಾರೆ. ಇಂಥ ವ್ಯವಸ್ಥೆ ಹಾಳಾಗುವುದು ಬಹುತೇಕ ಮೇಲಿನವರಿಂದಲೇ. ಹೆಬ್ಬೆರಳಿನ ಬದಲು ಮೂರು ಮಾತು ಗೊತ್ತುಮಾಡಿಕೊಳ್ಳುವುದೂ ಒಳ್ಳೆಯದು: ನೋಡಿದೆ, ನನ್ನದು, ಆಯ್ತು. "ನನ್ನದು" ಎಂದವರ ಹೆಸರು ಶೀಟಿನ "ಯಾರ ಕೈಯಲ್ಲಿದೆ" ಕಾಲಮಿಗೆ ಹೋಗುತ್ತದೆ. ಯಾರೂ "ನನ್ನದು" ಅನ್ನದ ಕೆಲಸ ಎಲ್ಲರದೂ ಆಗಿ ಯಾರದೂ ಆಗದೆ ಉಳಿಯುತ್ತದೆ.

ಮಾತು ಬೇರೆ, ದಾಖಲೆ ಬೇರೆ ಎನ್ನುವುದನ್ನು ಎಲ್ಲರಿಗಿಂತ ಅಚ್ಚುಕಟ್ಟಾಗಿ ಮಾಡಿದ್ದು ವಿಕಿಗಳು. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ಪ್ರೋಗ್ರಾಮರುಗಳಿಗಾಗಿ ತೆರೆದರು. ಹೊನೊಲುಲು ವಿಮಾನ ನಿಲ್ದಾಣದ "ವಿಕಿ ವಿಕಿ" ಬಸ್ಸಿನಿಂದ ಹೆಸರು ಎತ್ತಿಕೊಂಡರು. ಹವಾಯಿ ಭಾಷೆಯಲ್ಲಿ ವಿಕಿ ಎಂದರೆ ಬೇಗ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಯಾವುದೇ ಲೇಖನ ತೆರೆದು ನೋಡಿ: ಲೇಖನದ ಪುಟ ಒಂದು, ಪಕ್ಕದಲ್ಲೇ "ಚರ್ಚೆ" ಪುಟ ಇನ್ನೊಂದು, ಯಾರು ಯಾವಾಗ ಏನು ತಿದ್ದಿದರು ಎಂಬ "ಇತಿಹಾಸ" ಮತ್ತೊಂದು. ಹೆಸರಿನ ಕಾಗುಣಿತದ ಬಗ್ಗೆ ಹತ್ತು ದಿನ ಜಗಳವಾದರೂ ಅದು ಚರ್ಚೆ ಪುಟದಲ್ಲಿ. ಓದುಗರಿಗೆ ಕಾಣುವುದು ತೀರ್ಮಾನವಾದ ಒಂದು ಸಾಲು. ಗ್ರೂಪು, ಶೀಟು, ವರ್ಶನ್ ಹಿಸ್ಟರಿ ಎಂದು ಮೇಲೆ ಹೇಳಿದ್ದು ಇದೇ ಮೂರು ಪುಟ.

ರೊಟ್ಟಿ ಕೇಂದ್ರಕ್ಕೆ ವಿಕಿ ತಂತ್ರಾಂಶ ಬೇಕಿಲ್ಲ, ಹಂಚಿಕೊಂಡ ಒಂದು ಡಾಕ್ಯುಮೆಂಟು ಸಾಕು. ಶೇಂಗಾ ಹಿಂಡಿಗೆ ಒಂದು ಕೆಜಿ ಶೇಂಗಾಕ್ಕೆ ಖಾರದ ಪುಡಿ ಎಷ್ಟು, ಬೆಳ್ಳುಳ್ಳಿ ಎಷ್ಟು, ಖಡಕ್ ರೊಟ್ಟಿ ಎಷ್ಟು ಹೊತ್ತು ಆರಬೇಕು, ಹಿಟ್ಟು ಯಾವ ಗಿರಣಿಯದು, ದೂರದ ಊರಿಗೆ ಕಳಿಸುವಾಗ ರಟ್ಟಿನ ಡಬ್ಬಿಯಲ್ಲಿ ರೊಟ್ಟಿ ಮುರಿಯದಂತೆ ಹೇಗೆ ಜೋಡಿಸಬೇಕು, ಇವೆಲ್ಲ ಈಗ ಒಬ್ಬಿಬ್ಬರ ಕೈಗುಣದಲ್ಲಿ ಇರುತ್ತವೆ. ಅವರು ಹತ್ತು ದಿನ ಊರಿಗೆ ಹೋದಾಗ ರುಚಿ ಬದಲಾಗುತ್ತದೆ. ಬರೆದಿಡುವಾಗ ಗೊತ್ತಿದ್ದವರು ಹೇಳಲಿ, ಗೊತ್ತಿಲ್ಲದವರು ಬರೆಯಲಿ, ಆಮೇಲೆ ಬರೆದವರೇ ಅದನ್ನು ನೋಡಿ ಮಾಡಲಿ. "ಹದವಾಗಿ ಹುರಿಯಿರಿ" ಎಂಬ ಸಾಲು ಆಗಲೇ ಸಿಕ್ಕಿಬೀಳುತ್ತದೆ.

ಗಿರಾಕಿಯ ಕಡೆಯ ಸಾಧನಗಳು ಬೇರೆ. 2018ರ ಜನವರಿಯಲ್ಲಿ ಬಂದ ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪಿನಲ್ಲಿ ಮಾಲಿನ ಚಿತ್ರ, ದರ ಹಾಕುವ ಕ್ಯಾಟಲಾಗು, "ಹೊಸ ಆರ್ಡರ್", "ಹಣ ಬಾಕಿ" ಎಂಬಂಥ ಬಣ್ಣದ ಲೇಬಲ್ಲು, ಪದೇಪದೇ ಬರೆಯುವ ಉತ್ತರಕ್ಕೆ ಅಡ್ಡದಾರಿ ಇವೆ. ಇದನ್ನು ಮನೆಯ ನಂಬರಿನಲ್ಲಿ ಹಾಕಿಕೊಳ್ಳದೆ ಅಂಗಡಿಗೆಂದೇ ಬೇರೆ ಸಿಮ್ ತೆಗೆದುಕೊಳ್ಳಿ, ಎರಡು ಹಂತದ ಪರಿಶೀಲನೆಯ ಆರಂಕಿ ಪಿನ್ ಇಡಿ. ಬ್ರಾಡ್‌ಕಾಸ್ಟ್ ಪಟ್ಟಿಗೆ, ಅಂದರೆ ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಪಟ್ಟಿಗೆ, ಒಂದಕ್ಕೆ 256 ಜನರ ಮಿತಿ, ಜೊತೆಗೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. "200 ಜನಕ್ಕೆ ಕಳಿಸಿದೆ, 30 ಜನಕ್ಕೂ ಹೋಗಿಲ್ಲ" ಎನ್ನುವವರ ಸಮಸ್ಯೆ ಇದೇ. ಪಾರ್ಸಲ್ಲಿನ ಒಳಗೆ "ಈ ನಂಬರು ಉಳಿಸಿಕೊಳ್ಳಿ" ಎಂಬ ಚೀಟಿ ಹಾಕಿದರೆ ಅರ್ಧ ಕೆಲಸ ಆಗುತ್ತದೆ. ಒಂದೇ ಸಲ ಸಾವಿರಾರು ಜನಕ್ಕೆ ಕಳಿಸುವ ಕಳ್ಳ ಸಾಫ್ಟ್‌ವೇರ್ ಹಾಕಿದರೆ ನಂಬರೇ ನಿಷೇಧವಾಗಬಹುದು. ಅಷ್ಟು ದೊಡ್ಡವರಾದವರಿಗೆ ಅಂಗಡಿಯ ತಂತ್ರಾಂಶವನ್ನೇ ವಾಟ್ಸ್ಆ್ಯಪಿಗೆ ಜೋಡಿಸುವ, ಹಣ ಕೊಟ್ಟು ಬಳಸುವ ಬಿಸಿನೆಸ್ ಎಪಿಐ ಇದೆ. ಅಲ್ಲಿ ಗಿರಾಕಿ ಬರೆದ 24 ಗಂಟೆಯೊಳಗೆ ಮಾತ್ರ ಮನಬಂದಂತೆ ಉತ್ತರಿಸಬಹುದು, ಆಮೇಲೆ ಮೊದಲೇ ಒಪ್ಪಿಗೆ ಪಡೆದ ನಮೂನೆಯ ಸಂದೇಶವೇ ಆಗಬೇಕು.

ಕೆಲಸದವರ ಗ್ರೂಪು ಎಷ್ಟು ದೊಡ್ಡದಾಗಬಹುದು? ವಾಟ್ಸ್ಆ್ಯಪ್ 1024 ಜನಕ್ಕೆ ಬಿಡುತ್ತದೆ, ಆದರೆ ತಾಂತ್ರಿಕ ಮಿತಿ ಇಲ್ಲಿ ಮುಖ್ಯವಲ್ಲ. ಎಂಟು ಜನರ ನಡುವೆ ಇಬ್ಬಿಬ್ಬರ ಜೋಡಿ 28. ಹದಿನೈದು ಜನವಾದರೆ 105. ಜನ ದುಪ್ಪಟ್ಟಾಗುವ ಮೊದಲೇ ಮಾತಿನ ದಾರಿ ಮೂರೂವರೆ ಪಟ್ಟಿಗಿಂತ ಹೆಚ್ಚಾಯಿತು. ಹನ್ನೆರಡು ದಾಟಿದ ಮೇಲೆ ಕೆಲಸಕ್ಕೊಂದು ಗ್ರೂಪು ಮಾಡುವುದು ಲೇಸು: ಆರ್ಡರು, ಅಡುಗೆಮನೆ, ಸಾಗಣೆ. ಸ್ಲ್ಯಾಕ್ ವಿಷಯಕ್ಕೊಂದು ಚಾನೆಲ್ ಎಂದು ಹುಟ್ಟಿನಿಂದಲೇ ವಿಂಗಡಿಸಿಕೊಂಡಿದೆ, ಸಂದೇಶದ ಕೆಳಗೇ ಅದರ ಉತ್ತರಗಳ ಎಳೆ 2017ರಲ್ಲಿ ಸೇರಿತು. 2013ರಲ್ಲಿ ಹೊರಬಂದ ಅದು ಮೊದಲು ಒಂದು ಆಟದ ಕಂಪನಿ ತನ್ನ ಚದುರಿದ ತಂಡಕ್ಕೆಂದು ಮಾಡಿಕೊಂಡದ್ದು. ಆಟ ನಿಂತುಹೋಯಿತು, ಹರಟೆಯ ಸಾಧನ ಉಳಿಯಿತು. ರೊಟ್ಟಿ ಕೇಂದ್ರಕ್ಕೆ ಅದು ಹೆಚ್ಚೇ. ಎಲ್ಲರ ಫೋನಿನಲ್ಲೂ ಆಗಲೇ ಇರುವ ಆ್ಯಪಿನ ಎದುರು ಹೊಸ ಆ್ಯಪು ಗೆಲ್ಲುವುದು ಕಷ್ಟ. ರಾತ್ರಿ ಹತ್ತಕ್ಕೆ ಗ್ರೂಪಿನಲ್ಲಿ ಬಂದ ಆರ್ಡರಿಗೆ ಉತ್ತರಿಸಲೇಬೇಕೇ ಎಂಬುದನ್ನು ಮಾತ್ರ ಮೊದಲೇ ಮಾತಾಡಿಕೊಳ್ಳಿ. ಫ್ರಾನ್ಸಿನಲ್ಲಿ 2017ರಿಂದ ಇದಕ್ಕೆ ಕಾನೂನೇ ಇದೆ, ನಮ್ಮಲ್ಲಿ ಅಕ್ಕನ ಮಾತೇ ಕಾನೂನು.

ಕೊನೆಯದಾಗಿ, ಬೀಗದ ಕೈ. ಶೀಟನ್ನು "ಲಿಂಕ್ ಇರುವ ಯಾರು ಬೇಕಾದರೂ" ಎಂದು ಹಂಚಿದರೆ ಆ ಲಿಂಕು ಒಂದು ಸಲ ಫಾರ್ವರ್ಡ್ ಆಗುವುದೇ ತಡ, ನಿಮ್ಮ ಗಿರಾಕಿಗಳ ಹೆಸರು, ಫೋನು ಅಪರಿಚಿತರ ಪಾಲು. ಜನರ ವೈಯಕ್ತಿಕ ಮಾಹಿತಿ ಇಟ್ಟುಕೊಳ್ಳುವವರ ಹೊಣೆಯ ಬಗ್ಗೆ 2023ರ ಕಾಯ್ದೆಯೂ ಬಂದಿದೆ. ಒಬ್ಬೊಬ್ಬರ ಇಮೇಲಿಗೆ ಹೆಸರಿಟ್ಟು ಕೊಡಿ: ಬರೆಯಬೇಕಾದವರಿಗೆ ಎಡಿಟರ್, ನೋಡಬೇಕಾದವರಿಗೆ ವ್ಯೂವರ್. ಶೀಟು ಯಾರ ಖಾತೆಯಲ್ಲಿ ಹುಟ್ಟಿತೋ ಅವರೇ ಅದರ ಒಡೆಯರು. ಕಂಪ್ಯೂಟರ್ ಬಲ್ಲ ಹುಡುಗನೊಬ್ಬ ತನ್ನ ಸ್ವಂತ ಜೀಮೇಲಿನಲ್ಲಿ ಎಲ್ಲ ಮಾಡಿಕೊಟ್ಟು, ಎರಡು ವರ್ಷದ ಮೇಲೆ ಬೇರೆ ಕೆಲಸಕ್ಕೆ ಹೋಗಿ, ಒಂದು ದಿನ ಜಾಗ ಖಾಲಿ ಮಾಡಲು ಹಳೆಯ ಫೈಲು ಅಳಿಸಿದರೆ ಅಂಗಡಿಯ ಕಿರ್ದಿಯೂ ಅದರ ಜೊತೆಗೇ ಹೋಗುತ್ತದೆ. ಅವನಿಗೆ ಅದು ನೆನಪೂ ಇರುವುದಿಲ್ಲ. ಅಂಗಡಿಯ ಹೆಸರಿನಲ್ಲೊಂದು ಖಾತೆ ತೆರೆದು ಶೀಟು, ಫಾರಂ, ಡಾಕ್ಯುಮೆಂಟು ಮೂರರ ಒಡೆತನವನ್ನೂ ಅದಕ್ಕೆ ವರ್ಗಾಯಿಸಿ. ಖಾತೆ ಮರಳಿ ಪಡೆಯುವ ಫೋನ್ ನಂಬರು ಅಕ್ಕನದೇ ಇರಲಿ. ಯಾರಾದರೂ ಕೆಲಸ ಬಿಟ್ಟ ದಿನ ಅವರಿಂದ ಸ್ಕೂಟರಿನ ಕೀಲಿ ವಾಪಸು ಪಡೆಯುವ ಹೊತ್ತಿಗೇ ಗ್ರೂಪಿನಿಂದ, ಶೀಟಿನಿಂದ, ಅಂಗಡಿಯ ವಾಟ್ಸ್ಆ್ಯಪಿಗೆ ಜೋಡಿಸಿದ ಸಾಧನಗಳ ಪಟ್ಟಿಯಿಂದ, ಮೂರೂ ಕಡೆ ಅವರ ಹೆಸರು ತೆಗೆಯಿರಿ. ಹೆಚ್ಚಿನವರು ಮರೆಯುವುದು ಮೂರನೆಯದನ್ನು.